ಎತ್ತಿನ ಕುಂಟೆನ ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿದ್ದು: ನನ್ನ ಅನುಭವ

ಈ ಮುಂಗಾರು ಸೇರಿ ಮೂರು ವರ್ಷ ಆಯ್ತು, ನಮ್ಮ ಮೆಕ್ಕೆಜೋಳದ ಹೊಲಕ್ಕೆ ಎತ್ತು ಇಳಿಸದೇನೇ ಎಡೆ ಹೊಡೀತಿದೀನಿ, ಅಂದ್ರೆ ಬೆಳೆ ಸಾಲಿನ ನಡುವಿನ ಕಳೆ ಕುಂಟೇಲಿ ತೆಗೀತಿದೀನಿ. ಆರು ಎಕರೆ, ವರ್ಷಕ್ಕೆ ಎರಡು ಎಡೆ, ಎಲ್ಲಾ ನಾನೇ ಕಟ್ಟಿದ ಕುಂಟೇಲಿ, ನಮ್ಮ 18 ಎಚ್‌ಪಿ ಸಣ್ಣ ಟ್ರ್ಯಾಕ್ಟರಿಗೆ. ಮೊದಲನೇ ವರ್ಷ ನಕ್ಕವರೇ ಈಗ ಟೇಪು ಹಿಡ್ಕೊಂಡು ಅಳತೆ ತಗೊಳ್ಳೋಕೆ ಬರ್ತಾರೆ, ಒಬ್ಬೊಬ್ಬರಿಗೇ ಹೇಳೋ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ವೆಲ್ಡಿಂಗ್ ಮಾಡಿ ರೂಢಿ ಇರೋರಿಗೆ, ತ್ರೀ ಪಾಯಿಂಟ್ ಲಿಂಕೇಜ್ (ಟ್ರ್ಯಾಕ್ಟರ್ ಹಿಂದೆ ಸಲಕರಣೆ ಕಟ್ಟೋ ಮೂರು ತೋಳು) ಗೊತ್ತಿರೋರಿಗೆ ಬರೀತಿದೀನಿ, ಅದನ್ನೆಲ್ಲ ಮತ್ತೆ ಬಿಡಿಸಿ ಹೇಳಲ್ಲ.

ನಮ್ದು ಹೊನ್ನಾಳಿ ಕಡೆ, ಅರ್ಧ ಹೊಲ ಮಸಾರಿ, ಅಂದ್ರೆ ಕೆಂಪು ಮಣ್ಣು, ಅರ್ಧ ಎರೆ, ಅಂದ್ರೆ ಕಪ್ಪು ಮಣ್ಣು. ಅಪ್ಪಂಗೆ ಸೊಂಟ ನೋವು ಶುರುವಾದ ವರ್ಷ ಎತ್ತು ಮಾರಿದ್ವಿ. ಆಮೇಲೆ ಬಾಡಿಗೆ ಎತ್ತು. ಮುಂಚೆ ಮನೆಗೊಂದು ಜೋಡಿ ಇತ್ತು, ಈಗ ಇಡೀ ಊರಿಗೆ ಐದೋ ಆರೋ ಜೋಡಿ, ಬಾಡಿಗೆ ದಿನಕ್ಕೆ 1500ರಿಂದ 1800, ಅದೂ ಹದ ಬಂದ ದಿನ ಎಲ್ಲರಿಗೂ ಒಟ್ಟಿಗೇ ಬೇಕು. ನಮ್ಮ ಪಾಳಿ ಬರೋ ಹೊತ್ತಿಗೆ ಮಳೆ ಹಿಡ್ಕೊಂಡಿರುತ್ತೆ, ಇಲ್ಲಾ ಮಣ್ಣು ಒಣಗಿ ಬಿರುಸಾಗಿರುತ್ತೆ. ಮೆಕ್ಕೆಜೋಳಕ್ಕೆ ಮೊದಲ ಒಂದು ತಿಂಗಳು ಕಳೆ ಬಿಟ್ರೆ ಆಮೇಲೆ ಎಷ್ಟು ಯೂರಿಯಾ ಹಾಕಿದ್ರೂ ಬೆಳೆ ಎದ್ದೇಳಲ್ಲ. ಕಳೆನಾಶಕ ಹೊಡೆದೂ ನೋಡಿದೀನಿ, ಕಳೆ ಸಾಯುತ್ತೆ ನಿಜ, ಆದ್ರೆ ಎಡೆ ಹೊಡೆದಾಗ ಮೇಲಿನ ಮಣ್ಣು ಸಡಿಲ ಆಗಿ ಬಿರುಕು ಮುಚ್ಚಿ ತೇವ ಉಳಿಯುತ್ತಲ್ಲ ಅದು ಔಷಧಿಯಿಂದ ಬರಲ್ಲ, ಎರೆ ಹೊಲ ಇರೋರಿಗೆ ಇದು ಹೇಳಬೇಕಾಗಿಲ್ಲ.

ಮೊದಲು ಮಾಡಿದ್ದು ಎಲ್ಲರೂ ಮಾಡೋದೇ, ಇದ್ದ ಕಲ್ಟಿವೇಟರ್‌ನ ಎರಡು ಹಲ್ಲು ಬಿಚ್ಚಿ ಸಾಲಿನ ಮಧ್ಯ ಹೊಡೆದೆ. ಕಳೆ ಹಲ್ಲಿನ ಆಚೆ ಈಚೆ ಹಾಗೇ ನಿಂತಿತ್ತು, ಹೆಂಟೆ ಎದ್ದು ಹದಿನೈದು ದಿನದ ಸಸಿ ಮೇಲೆ ಬಿತ್ತು, ಅರ್ಧ ಎಕರೆ ಹೊಡೆದು ನಿಲ್ಲಿಸಿದೆ, ಹೆಂಡ್ತಿ ಮತ್ತೆ ಇಬ್ಬರು ಆಳು ಸಂಜೆ ತನಕ ಕೂತು ಸಸಿ ಎಬ್ಬಿಸಿದ್ರು. ಅವತ್ತೇ ಗೊತ್ತಾಯ್ತು, ಎಡೆ ಅಂದ್ರೆ ಅಗೆಯೋದಲ್ಲ, ನೆಲದ ಒಂದೂವರೆ ಎರಡು ಇಂಚು ಕೆಳಗೆ ಕಳೆ ಬೇರನ್ನ ಕೊಯ್ಯೋದು. ಅಂದ್ರೆ ನಮ್ಮ ಕುಂಟೆ ಕುಡಾನೇ ಬೇಕು. ದಿಂಡು (ಅಡ್ಡ ಮರ), ತಾಳು (ದಿಂಡಿಂದ ಕೆಳಗಿಳಿಯೋ ಕಾಲು), ಕುಡ (ಕಳೆ ಕೊಯ್ಯೋ ಅಲಗು), ಈ ಮೂರನ್ನ ಕಬ್ಬಿಣದಲ್ಲಿ ಮಾಡಿ ಈಸಿನ (ನೊಗಕ್ಕೆ ಕಟ್ಟೋ ಉದ್ದ ಮರದ) ಬದಲು ಲಿಂಕೇಜ್ ಕೊಟ್ರೆ ಆಯ್ತು ಅನ್ನೋದು ನನ್ನ ಲೆಕ್ಕ.

ನಮ್ಮೂರ ಕಮ್ಮಾರ ಆಚಾರ್ರತ್ರ ಹೋಗಿ ಹೇಳಿದ್ರೆ ಅವರು ತಿದಿ ನಿಲ್ಲಿಸಿ ನನ್ನ ಮುಖ ನೋಡಿದ್ರು. "ತಮ್ಮಾ, ಎತ್ತಿನ ಕುಂಟೆಗೆ ಹಿಂದೆ ಒಬ್ಬ ಮನುಷ್ಯ ಇರ್ತಾನೆ, ಕಲ್ಲು ತಾಗಿದ್ರೆ ಎತ್ತು ನಿಲ್ತದೆ, ಮೇಳಿ ಹಿಡಿದವನು ಎತ್ತಿ ಹಾಕ್ತಾನೆ. ಟ್ರ್ಯಾಕ್ಟರಿಗೆ ಕಣ್ಣು ಎಲ್ಲಿದೆ?" ಅಂದ್ರು. ಪೇಟೇಲಿ ವೆಲ್ಡಿಂಗ್ ಶಾಪಿನವನು ಇನ್ನೂ ನೇರವಾಗಿ ದುಡ್ಡು ಹಾಳು ಮಾಡ್ಕೋಬೇಡಿ ಅಣ್ಣ ಅಂದ. ನಮ್ಮ ಚಿಕ್ಕಪ್ಪ ಅಂತೂ ಊರೆಲ್ಲ ಹೇಳಿದ್ರು. ಆಚಾರ್ರು ಕೇಳಿದ ಪ್ರಶ್ನೆ ಮಾತ್ರ ಸರಿ ಇತ್ತು, ಮೂರು ವರ್ಷ ನಾನು ಕೆಲಸ ಮಾಡಿದ್ದೆಲ್ಲ ಅದಕ್ಕೆ ಉತ್ತರ ಹುಡುಕೋಕೇನೇ.

ಮೊದಲನೇ ಕುಡ ಮಾಡಿದ್ದು ಸಾದಾ ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆ ಕಬ್ಬಿಣ) ಪಟ್ಟೀಲಿ, 50 ಎಂಎಂ ಅಗಲ 8 ಎಂಎಂ ದಪ್ಪ. ಎಲ್ಲಾ ಸೇರಿ 2800 ಆಗಿರಬೇಕು. ಮಸಾರಿ ಹೊಲದಲ್ಲಿ ಒಂದು ಕಲ್ಲಿಗೆ ತಾಗಿ ಬಿಲ್ಲಿನ ಹಾಗೆ ಬಗ್ಗಿತು, ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕಿದ್ರೆ ಎರಡು ಎಕರೆಗೆ ಬಾಯಿ, ಅಂದ್ರೆ ಕೊಯ್ಯೋ ಅಂಚು, ಮೊಂಡು. ಎಂಎಸ್‌ಗೆ ಬಾಯಿ ನಿಲ್ಲಲ್ಲ.

ಎರಡನೇದು ಗುಜರಿಯಿಂದ ಲಾರಿ ಕಮಾನು ಪ್ಲೇಟ್ ತಂದೆ, ಕೆಜಿಗೆ 65ರ ಹಾಗೆ. ಇದೇ ಸರಿಯಾದ ಮಾಲು ಅಂತ ಖುಷಿಯಿಂದ ತಾಳಿಗೆ ಸೀದಾ ವೆಲ್ಡ್ ಮಾಡಿದೆ, 10 ನಂಬರ್ ಸಾದಾ ವೆಲ್ಡಿಂಗ್ ರಾಡಲ್ಲಿ. ನೋಡೋಕೆ ವೆಲ್ಡಿಂಗ್ ಗೆರೆ ಚೆನ್ನಾಗೇ ಬಂದಿತ್ತು. ಹೊಲಕ್ಕೆ ಇಳಿದು ಎರಡನೇ ಸಾಲಿಗೆ ಟಕ್ ಅಂತ ಸೌಂಡು, ವೆಲ್ಡಿಂಗ್ ಹಾಗೇ ಇದೆ, ಅದರ ಪಕ್ಕದಲ್ಲೇ ಪ್ಲೇಟ್ ಗಾಜು ಮುರಿದ ಹಾಗೆ ಕಟ್ ಆಗಿತ್ತು. ಮತ್ತೆ ಹಾಕಿದೆ, ಮತ್ತೆ ಕಟ್ ಆಯ್ತು. ಹೀಗೆ ನಾಲ್ಕು ಕುಡ ಹೋದ್ವು. ಕಮಾನು ಪ್ಲೇಟಲ್ಲಿ ಕಾರ್ಬನ್ ಜಾಸ್ತಿ, ತಣ್ಣಗಿದ್ದಾಗ ವೆಲ್ಡ್ ಮಾಡಿದ್ರೆ ಪಕ್ಕದ ಜಾಗ ಗಡುಸಾಗಿ ಸೀಳುತ್ತೆ. ಗ್ಯಾಸಲ್ಲಿ ಚೆನ್ನಾಗಿ ಬಿಸಿ ಮಾಡ್ಕೊಂಡು, 7018 ರಾಡನ್ನ (ಕಮ್ಮಿ ಹೈಡ್ರೋಜನ್ನಿನ ವೆಲ್ಡಿಂಗ್ ರಾಡು) ಬಿಸಿಲಲ್ಲಲ್ಲ ಒಲೆ ಪಕ್ಕ ಇಟ್ಟು ಒಣಗಿಸಿ ಹಾಕಿ, ವೆಲ್ಡ್ ಆದ ತಕ್ಷಣ ಬೂದಿ ಗುಂಡೀಲಿ ಹೂತು ರಾತ್ರಿಯೆಲ್ಲ ಬಿಟ್ರೆ ಹಿಡಿಯುತ್ತೆ. ನನಗೆ ಹತ್ತರಲ್ಲಿ ಏಳು ಹಿಡೀತು. ಆದ್ರೂ ನಟ್ಟ ನಡುವೆ ಕೆಲಸದಲ್ಲಿ ಮುರಿಯೋ ಭಯ ಹೋಗಲ್ಲ, ಅದಕ್ಕೆ ಕೊನೆಗೆ ಕುಡವನ್ನ ತಾಳಿಗೆ ಸೇರಿಸೋಕೆ ವೆಲ್ಡಿಂಗೇ ಬೇಡ ಅಂತ ತೀರ್ಮಾನ ಮಾಡಿದೆ. ಪ್ಲೇಟನ್ನ ಕುಲುಮೇಲಿ ಕೆಂಪಗೆ ಕಾಯಿಸಿ ಬೂದೀಲಿ ಆರಿಸಿದ್ರೆ ಮೆತ್ತಗಾಗಿ ಡ್ರಿಲ್ ಇಳಿಯುತ್ತೆ, ಎರಡು ತೂತು ಹೊಡೆದು ತಾಳಿಗೆ ಬೋಲ್ಟು. ಆಮೇಲೆ ಆಚಾರ್ರು ಮತ್ತೆ ಕಾಯಿಸಿ ಬಾಯಿ ತಟ್ಟಿ ಬಾಯಿ ಅಂಚನ್ನ ಮಾತ್ರ ಎಣ್ಣೇಲಿ ಅದ್ದಿ ಹದ ಕೊಟ್ರು. ಆಗಲ್ಲ ಅಂದ ಮನುಷ್ಯರೇ ಕೊನೆಗೆ ಕೈ ಹಾಕಿದ್ದು, ಅವರ ಕೈ ಇಲ್ಲದೇ ಇದ್ರೆ ಇದು ಆಗ್ತಿರಲಿಲ್ಲ ಅಂತ ಎಲ್ಲರ ಮುಂದೆ ಹೇಳ್ತೀನಿ. ಆ ಕುಡಗಳಲ್ಲಿ ಎರಡು ಇವತ್ತಿಗೂ ಓಡ್ತಾ ಇವೆ.

ವೆಲ್ಡಿಂಗ್ ಮಷಿನ್ ಬಗ್ಗೆ ಒಂದು ಮಾತು, ನನ್ನದು 200 ಆಂಪಿನ ಚಿಕ್ಕ ಇನ್ವರ್ಟರ್, ಏಳು ಸಾವಿರದ ಹತ್ರ ಬಿತ್ತು. ಹಗಲು ಪಂಪ್‌ಸೆಟ್ಟುಗಳು ಓಡುವಾಗ ಊರ ಲೈನಲ್ಲಿ ವೋಲ್ಟೇಜ್ ಬಿದ್ದು ರಾಡು ಅಂಟ್ಕೊಳ್ಳುತ್ತೆ, ಅದಕ್ಕೆ ದಪ್ಪ ಕೆಲಸ ಎಲ್ಲ ರಾತ್ರಿ ಹತ್ತರ ಮೇಲೆ ಮಾಡಿದ್ದು.

ದಿಂಡಿಗೆ 3 ಇಂಚಿನ ಚೌಕ ಪೈಪು, 5 ಎಂಎಂ ದಪ್ಪದ್ದು. ತಾಳುಗಳನ್ನ ದಿಂಡಿಗೆ ವೆಲ್ಡ್ ಮಾಡಬೇಡಿ, ಯು ಬೋಲ್ಟ್ ಹಾಕಿ, ಸಾಲು ಹೆಚ್ಚು ಕಮ್ಮಿ ಆದ್ರೆ ಸರಿಸಬಹುದು. ಕೆಳಗಿನ ಎರಡು ಪಿನ್ನು 22 ಎಂಎಂ, ಮೇಲಿನ ಟಾಪ್ ಲಿಂಕ್ ಪಿನ್ನು 19. ಮನೇಲಿ 16ರ ಬೋಲ್ಟ್ ಇತ್ತು ಅಂತ ಅದನ್ನೇ ಹಾಕಿ ಒಂದು ದಿನ ಹೊಲದ ಮಧ್ಯ ಕುಂಟೆ ಒಂದು ಕಡೆ ಜೋತು ಬಿತ್ತು, ಅವತ್ತು ಉಳಿಸಿದ್ದು 150 ರೂಪಾಯಿ, ಕಳ್ಕೊಂಡಿದ್ದು ಹದ ಇದ್ದ ಒಂದು ದಿನ.

ಇನ್ನು ಆಚಾರ್ರ ಪ್ರಶ್ನೆ, ಕಲ್ಲು ತಾಗಿದ್ರೆ ಏನು. ತಾಳು ದಿಂಡಿಗೆ ಕೂರೋ ಕಡೆ ಎರಡು ಬೋಲ್ಟು, ತಾಳು ಒಂದರ ಮೇಲೆ ತಿರುಗಬೇಕು, ಇನ್ನೊಂದು ಕಟ್ ಆಗಬೇಕು. ಮೊದಲು ಗಟ್ಟಿ ಇರಲಿ ಅಂತ ಎರಡೂ ಹೈ ಟೆನ್ಸೈಲ್ ಹಾಕಿದ್ದೆ, ಬೇವಿನ ಬೇರಿಗೆ ಸಿಕ್ಕು ಬೋಲ್ಟು ಗಟ್ಟಿ ನಿಂತು ದಿಂಡೇ ತಿರುಚ್ಕೊಂಡಿತು, 1900 ಕೊಟ್ಟು ಹೊಸ ಪೈಪು ತಂದೆ. ಈಗ ಕಟ್ ಆಗಬೇಕಾದದ್ದು 8 ಎಂಎಂ ಸಾದಾ ಬೋಲ್ಟು, ಟೂಲ್ ಬಾಕ್ಸಲ್ಲಿ ಇಪ್ಪತ್ತು ಇಟ್ಕೊಂಡಿರ್ತೀನಿ, ಕಟ್ ಆದ್ರೆ ತಾಳು ಹಿಂದಕ್ಕೆ ಮಲಗುತ್ತೆ, ಐದು ನಿಮಿಷದಲ್ಲಿ ಇನ್ನೊಂದು. ಒಂದು ಎಡೆಗೆ ಆರೇಳು ಬೋಲ್ಟು ಹೋಗ್ತವೆ.

ಎಲ್ಲಕ್ಕಿಂತ ತಲೆ ತಿಂದಿದ್ದು ಸಾಲಿನ ಅಳತೆ. ಎಲ್ಲರ ಹಾಗೆ 2 ಅಡಿಗೆ ಬಿತ್ತಿದ್ರೆ ಟೈರು ಎರಡು ಸಾಲಿನ ನಟ್ಟ ನಡುವೆ ಕೂರಲ್ಲ, ಒಂದು ಕಡೆ ಸಸಿಗೆ ಹತ್ರ ಹೋಗೋದು. ರಿಮ್ ಉಲ್ಟಾ ಹಾಕಿ ಗಾಲಿ ಆದಷ್ಟು ಅಗಲ ಮಾಡಿದ್ರೂ ನನಗೆ ಸಿಕ್ಕಿದ್ದು ಮಧ್ಯದಿಂದ ಮಧ್ಯಕ್ಕೆ 44 ಇಂಚು. ಒಂದು ವರ್ಷ ಆ ಗಾಲಿಯನ್ನ ಇನ್ನೂ ಅಗಲ ಮಾಡೋಕೆ ಸ್ಪೇಸರ್ ಅದು ಇದು ಅಂತ 3000 ಕಳೆದೆ, ಗಾಲಿ ಬೋಲ್ಟು ಸಡಿಲ ಆಗೋಕೆ ಶುರುವಾಯ್ತು, ಭಯ ಬಿದ್ದು ತೆಗೆದೆ. ಆಮೇಲೆ ಒಂದು ರಾತ್ರಿ ಹೊಳೀತು, ಟ್ರ್ಯಾಕ್ಟರನ್ನ ಬೆಳೆಗೆ ಹೊಂದಿಸೋದು ಯಾಕೆ, ಬೆಳೇನೇ ಟ್ರ್ಯಾಕ್ಟರಿಗೆ ಹೊಂದಿಸೋಣ. ಕೂರಿಗೆ ತಾಳನ್ನ 22 ಇಂಚಿಗೆ ಬಿಗಿದು ಬಿತ್ತಿದೆ. ಈಗ ಟ್ರ್ಯಾಕ್ಟರ್ ಹೊಟ್ಟೆ ಕೆಳಗೆ ಎರಡು ಸಾಲು ಬೆಳೆ, ಎರಡೂ ಟೈರು ಆಚೆ ಈಚೆ ಎಡೆಯ (ಎರಡು ಸಾಲಿನ ನಡುವಿನ ಜಾಗದ) ಮಧ್ಯ, 8 ಇಂಚಿನ ಟೈರಿಗೆ ಎರಡೂ ಕಡೆ ಏಳೇಳು ಇಂಚು ಜಾಗ. ಕುಡ ಮೂರು, ನಡುವೆ ಒಂದು, ಟೈರಿನ ಹಿಂದೆ ಒಂದೊಂದು, ಒಂದೊಂದೂ 14 ಇಂಚು. ಟೈರು ಹೋದ ಎಡೆ ಎರಡು ಸಲ ಆಗುತ್ತೆ, ಡೀಸೆಲ್ ದಂಡ ಅಂತ ಕೆಲವರು ಅಂದ್ರು. ದಂಡ ಅಲ್ಲ, ಟೈರು ತುಳಿದ ಮಣ್ಣು ಬಿಡಿಸೋಕೆ ಎರಡನೇ ಸಲ ಬೇಕೇ ಬೇಕು, ಹೊಲಕ್ಕೆ ಬಂದು ನೋಡಿ.

ಆಳ ನಿಲ್ಲಿಸೋದು ಇನ್ನೊಂದು ಕತೆ. ಬರೀ ಹೈಡ್ರಾಲಿಕ್ ನಂಬಿದ್ರೆ ಮುಂದಿನ ಗಾಲಿ ಏರಿದಾಗ ಕುಡ ಕೆಳಗೆ ಹೋಗುತ್ತೆ, ಇಳಿದಾಗ ಮೇಲೆ ಬರುತ್ತೆ. ದಿಂಡಿನ ಎರಡೂ ತುದಿಗೆ ಹಳೇ ಸೀಡ್ ಡ್ರಿಲ್ಲಿನ ಕಬ್ಬಿಣದ ಗಾಲಿ ಹಾಕಿ ಲಿವರ್ ಪೂರ್ತಿ ಕೆಳಗೆ ಬಿಟ್ಟೆ, ಅಲ್ಲಿಗೆ ಆಳ ಸರಿ ಆಯ್ತು. ಕೆಳಗಿನ ಲಿಂಕಿನ ಚೈನು ಬಿಗಿ ಇರಲೇಬೇಕು, ಒಂದು ಸಲ ಸಡಿಲ ಬಿಟ್ಟು ಒಂದೇ ಸಾಲಲ್ಲಿ ನಲವತ್ತು ಗಿಡ ಕೊಯ್ದು ಹಾಕಿದೀನಿ. ಕುಡ ನೆಲಕ್ಕೆ ಎಷ್ಟು ಇಳಿಜಾರಲ್ಲಿ ನಿಲ್ಲಬೇಕು, ಗಾಲಿ ಕುಡಕ್ಕಿಂತ ಎಷ್ಟು ಮುಂದೆ ಇರಬೇಕು, ಈ ಎರಡು ಅಳತೆ ಮಾತ್ರ ಹೇಳಲ್ಲ, ಅದಕ್ಕೆ ಎರಡು ಮುಂಗಾರು ಕೊಟ್ಟಿದೀನಿ. ಮನೆಗೆ ಬಂದು ಕುಂಟೆ ನೋಡಿದವರಿಗೆ ಕಣ್ಣಿಗೆ ಕಾಣುತ್ತೆ, ಮುಚ್ಚಿಟ್ಟಿಲ್ಲ.

ಕುಡದ ಬಾಯಿ ಸವೆಯೋದಕ್ಕೆ ಹಾರ್ಡ್ ಫೇಸಿಂಗ್ ರಾಡ್ (ಮೇಲೆ ಗಡುಸು ಪದರ ಕೊಡೋ ವೆಲ್ಡಿಂಗ್ ರಾಡು) ಹಾಕಿ ನೋಡಿದೆ. ಮೊದಲು ಮೇಲೂ ಕೆಳಗೂ ಎರಡೂ ಕಡೆ ಹಾಕಿ ಬಾಯಿ ದಪ್ಪ ಆಗಿ ಕಳೆ ಕೊಯ್ಯೋ ಬದಲು ಎಳೀತಿತ್ತು. ಈಗ ಕೆಳಗಡೆ ಮಾತ್ರ ತೆಳ್ಳಗೆ ಒಂದು ಗೆರೆ, ಮೇಲಿನ ಮೆತ್ತನೆ ಕಬ್ಬಿಣ ಮೊದಲು ಸವೆದು ಬಾಯಿ ತಾನೇ ಚೂಪಾಗಿರುತ್ತೆ. ಮುಂಚೆ ನಾಲ್ಕೈದು ಎಕರೆಗೆ ಗ್ರೈಂಡರ್ ಹಿಡೀಬೇಕಿತ್ತು, ಈಗ ಹತ್ತು ಹನ್ನೆರಡು ಎಕರೆ ಬರುತ್ತೆ. ಇದಕ್ಕೂ ಕುಡವನ್ನ ಬಿಸಿ ಮಾಡಿಕೊಂಡೇ ಹಾಕಬೇಕು.

ಕುಂಟೆ ಕೆಲಸದ ಮಧ್ಯದಲ್ಲೇ ಬೇಲಿ ಕಂಬಕ್ಕೆ ಗುಂಡಿ ತೋಡೋ ಆಗರ್ (ಸುರುಳಿ ಕೊರೆಯೋ ಸಲಕರಣೆ) ಒಂದು ಕಟ್ಟಿದೆ, ಹಳೇ ಜೀಪಿನ ಡಿಫ್ರೆನ್ಷಿಯಲ್ (ಎರಡು ಗಾಲಿಗೆ ಶಕ್ತಿ ಹಂಚೋ ಗೇರಿನ ಗುಂಡು) ನಾಲ್ಕೂವರೆ ಸಾವಿರಕ್ಕೆ ಸಿಕ್ತು. ಅದರ ಒಳಬರೋ ಪಿನಿಯನ್ ಗೇರಿಗೆ ಟ್ರ್ಯಾಕ್ಟರಿನ ಪಿಟಿಒ (ಹಿಂದಿನ ತಿರುಗೋ ಶಾಫ್ಟು), ಒಂದು ಕಡೆ ಆಕ್ಸಲ್ ಕೆಳಗೆ ಮುಖ ಮಾಡಿ ಆಗರ್. ಇನ್ನೊಂದು ಕಡೆ ಆಕ್ಸಲ್ ತಿರುಗದ ಹಾಗೆ ಹೌಸಿಂಗಿಗೆ ಬಿಗಿದಿದ್ದೆ, ಆಗರ್ ಹುಚ್ಚು ಹಿಡಿದ ಹಾಗೆ ತಿರುಗ್ತು. ಒಂದು ಕಡೆ ಹಿಡಿದಿಟ್ರೆ ಇನ್ನೊಂದು ಕಡೆ ಡಬಲ್ ಸ್ಪೀಡು ಅನ್ನೋದು ತಲೆಗೆ ಬಂದಿರಲಿಲ್ಲ. ಬಿಚ್ಚಿ ಒಳಗಿನ ಸಣ್ಣ ಗೇರುಗಳನ್ನ ವೆಲ್ಡ್ ಮಾಡಿ ಲಾಕ್ ಮಾಡಿದೆ, ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗಿದ್ರೆ ಆಗರ್ ಸುಮಾರು ನೂರು ಸುತ್ತಿಗೆ ಬಂತು. ಆಮೇಲೆ ನೋಡಿದ್ರೆ ಉಲ್ಟಾ ತಿರುಗ್ತಿದೆ, ಹೌಸಿಂಗ್ ತಲೆಕೆಳಗು ಮಾಡಿ ಇನ್ನೊಂದು ಕಡೆಯಿಂದ ಆಗರ್ ಕೊಟ್ಟೆ. ನಿಲ್ಲಿಸಿ ಇಟ್ಟಾಗ ಮೇಲಿನ ಬೇರಿಂಗಿಗೆ ಆಯಿಲ್ ತಲುಪಲ್ಲ, ಅದಕ್ಕೆ ಪೂರ್ತಿ ತುಂಬಬೇಕು, ಪೂರ್ತಿ ತುಂಬಿದ್ರೆ ಕೆಳಗಿನ ಸೀಲ್ ಸೋರುತ್ತೆ, ಇನ್ನೂ ಸೋರ್ತಾನೇ ಇದೆ. ಹಸಿ ಮಣ್ಣಲ್ಲಿ ಒಂದೇ ಸಲ ಪೂರ್ತಿ ಇಳಿಸಬೇಡಿ, ಸ್ಕ್ರೂ ಥರ ಹೊಕ್ಕಿ ಕೂತ್ಕೊಳ್ಳುತ್ತೆ, ನಾನು ಅರ್ಧ ದಿನ ಗುದ್ದಲೀಲಿ ಅಗೆದು ತೆಗೆದಿದೀನಿ. ನೂರೈವತ್ತು ಗುಂಡಿ ತೋಡಿದೆ, ಖರ್ಚು ಹನ್ನೊಂದು ಸಾವಿರ ದಾಟಿತು, ಲೆಕ್ಕಕ್ಕೆ ಬಾಡಿಗೆ ಮಷಿನ್ನೇ ಸಲೀಸು. ಶಾಫ್ಟಿಗೆ ಕವರ್ ಇಲ್ಲದೇ ಯಾರೂ ಓಡಿಸಬೇಡಿ, ಪಂಚೆ ಉಟ್ಕೊಂಡಂತೂ ಹತ್ರ ಬರಲೇಬೇಡಿ.

ಕುಂಟೆ ಲೆಕ್ಕಕ್ಕೆ ಬರೋಣ. ಹಾಳಾದ ಕುಡ, ತಿರುಚಿದ ದಿಂಡು, ಸ್ಪೇಸರ್ ಎಲ್ಲಾ ಸೇರಿ ಹದಿನಾಲ್ಕು ಸಾವಿರ ಹೋಗಿರಬೇಕು, ಈಗ ಹೊಸದಾಗಿ ಕಟ್ಟಿದ್ರೆ ಆರೂವರೆ ಸಾವಿರದಲ್ಲಿ ಮುಗಿಯುತ್ತೆ. ಮನೇಲಿ ಕಟ್ಟಿದ್ದಕ್ಕೆ ಸಬ್ಸಿಡಿ ಇಲ್ಲ, ಅದರ ಆಸೆ ಬಿಟ್ಟು ಇಳೀಬೇಕು. ಎಕರೆಗೆ ಒಂದೂವರೆ ಗಂಟೆ, ಎರಡರಿಂದ ಎರಡೂವರೆ ಲೀಟರ್ ಡೀಸೆಲ್. ಎತ್ತಿಗೆ ಎಕರೆಗೆ ಎಂಟುನೂರು ಬೀಳ್ತಿತ್ತು, ಈಗ ಡೀಸೆಲ್ಲು ಬೋಲ್ಟು ಸೇರಿ ಇನ್ನೂರೈವತ್ತು. ಮೊದಲ ಎಡೆ ಹದಿನೆಂಟು ಇಪ್ಪತ್ತು ದಿನಕ್ಕೆ, ಎರಡನೇದು ಮೂವತ್ತರ ಒಳಗೆ. ಅದರ ಮೇಲೆ ಬೆಳೆ ಎತ್ತರ ಆಗಿ ಮುಂದಿನ ಆಕ್ಸಲ್ಲಿಗೆ ಸುಳಿ ತಾಗುತ್ತೆ, ಆಸೆಗೆ ಇಳಿಸಬೇಡಿ. ಕರಿಕೆ ಹುಲ್ಲು ಉಳಿದ ತುಂಡಿಂದ ಮತ್ತೆ ಚಿಗುರುತ್ತೆ, ಜೇಕು ಕಳೆಯೂ ಕೊಯ್ದ ಎಂಟು ದಿನಕ್ಕೆ ಗೆಡ್ಡೆಯಿಂದ ಮತ್ತೆ ಚಿಗುರುತ್ತೆ.

ಈಗ ಬಾಕಿ ಇರೋದು ಎರೆ ಮಣ್ಣು. ಹದ ಸ್ವಲ್ಪ ಹಸಿ ಇದ್ರೂ ಕುಡಕ್ಕೂ ತಾಳಿಗೂ ಮೆತ್ಕೊಂಡು ಉಂಡೆ ಆಗುತ್ತೆ. ಹಳೇ ಪ್ಲಾಸ್ಟಿಕ್ ಡ್ರಮ್ ಕುಯ್ದು ತಾಳಿನ ಮುಂದೆ ಪಟ್ಟಿ ಬಿಗಿದು ನೋಡಿದೆ, ಅಲ್ಲಿ ಮಣ್ಣು ಜಾರ್ತಿದೆ, ಆದ್ರೆ ಬೋಲ್ಟಿನ ತಲೆ ಹತ್ರ ಹಿಡ್ಕೊಳ್ಳುತ್ತೆ. ಬೋಲ್ಟಿನ ತಲೆ ಒಳಗೆ ಕೂರೋ ಹಾಗೆ ತೂತು ಕೊರೆಸೋಕೆ ಕುಡ ಬಿಚ್ಚಿ ಆಚಾರ್ರ ಕುಲುಮೇಲಿ ಇಟ್ಟು ಬಂದಿದೀನಿ, ಪಕ್ಕದ ಹೊಲದವರಿಗೆ ಅಂತ ಅವರು ಇನ್ನೊಂದು ಜೊತೆ ಕುಡ ಕಾಯಿಸ್ತಿದ್ರು.