ಜಿಪ್ಸಿಗೆ ದೊಡ್ಡ ಟೈರ್ ಬೇಕಾ? ಮೊದಲು ರಿಮ್ ನೋಡಿ

ನಮ್ಮ ಮಾರುತಿ ಜಿಪ್ಸಿಗೆ ಮೊದಲ ಸಲ ದೊಡ್ಡ ಟೈರ್ ಹಾಕಿಸಿಕೊಂಡು ಬಂದ ದಿನ ಅಮ್ಮ ಅಂಗಳದಲ್ಲೇ ನಿಂತು ನೋಡಿದರು. "ಇದೇನೋ ಮಗಾ, ಟೈರು ಕಡುಬಿನ ಹಾಗೆ ಊದ್ಕೊಂಡಿದೆ?" ಅಂದರು. ನಾನು ನಕ್ಕು ಸುಮ್ಮನಾದೆ. ಮೂರು ತಿಂಗಳಾದ ಮೇಲೆ ಗೊತ್ತಾಯಿತು, ಅಮ್ಮ ಹೇಳಿದ್ದೇ ಸರಿ.

ನಾನು ಹಾಕಿಸಿದ್ದು 235/75 ಆರ್15, ಅಂದರೆ 235 ಮಿ.ಮೀ. ಅಗಲದ ಟೈರ್ (ಉಳಿದ ಅಂಕಿಗಳ ಲೆಕ್ಕ ಮುಂದಿದೆ). ರಿಮ್ಮು ಕಂಪನಿಯದೇ, ಐದೂವರೆ ಇಂಚಿನದು. "ಕೂರುತ್ತೆ ಸಾರ್" ಅಂದ ಟೈರ್ ಅಂಗಡಿಯವನು. ಕೂತಿತು ಕೂಡ, ಸುಳ್ಳಲ್ಲ. ಆದರೆ ಕೂರುವುದೇ ಬೇರೆ, ಹೊಂದುವುದೇ ಬೇರೆ. ಆ ಅಳತೆಯ ಟೈರಿಗೆ ಕನಿಷ್ಠ 6 ಇಂಚು ಅಗಲದ ರಿಮ್ ಬೇಕು. ಕಿರಿದಾದ ರಿಮ್ಮಿಗೆ ತುರುಕಿದರೆ ಟೈರಿನ ಎರಡೂ ಅಂಚು ಒಳಕ್ಕೆ ಎಳೆದುಕೊಂಡು ನಡುಭಾಗ ಉಬ್ಬುತ್ತದೆ. ಟಾರ್ ರಸ್ತೆಯಲ್ಲಿ ನೆಲ ಮುಟ್ಟುವುದು ಆ ಉಬ್ಬು ಮಾತ್ರ. ನನ್ನ ಟೈರುಗಳ ನಡುವಿನ ಬಟನ್, ಅಂದರೆ ನೆಲ ಹಿಡಿಯುವ ರಬ್ಬರ್ ಗಟ್ಟೆಗಳು, ಸವೆಯುತ್ತಾ ಹೋಯಿತು, ಅಂಚಿನವು ಅಂಗಡಿಯಿಂದ ತಂದ ಹಾಗೇ ಇದ್ದವು. ತಿರುವಿನಲ್ಲಿ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಲೀಫ್ ಸ್ಪ್ರಿಂಗಿಗೆ ಟೈರ್ ಉಜ್ಜುವ ಸದ್ದು.

ಅದಕ್ಕೇ ಹೇಳುತ್ತಿದ್ದೇನೆ, ಟೈರಿನ ಫೋಟೊ ನೋಡಿ ಮನಸೋಲುವ ಮೊದಲು ಒಂದು ಚಕ್ರ ಬಿಚ್ಚಿ. ರಿಮ್ಮನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ. 15×5½ ಜೆ ಎಂಬಂತೆ ಅಳತೆ ಅಚ್ಚೊತ್ತಿರುತ್ತದೆ. 15 ಅಂದರೆ ರಿಮ್ಮಿನ ವ್ಯಾಸ, 5½ ಅಂದರೆ ಅಗಲ, ಎರಡೂ ಇಂಚಿನಲ್ಲಿ. ಟೈರ್ ಕಂಪನಿಗಳು ಪ್ರತಿ ಅಳತೆಗೂ ಎಷ್ಟರಿಂದ ಎಷ್ಟು ಅಗಲದ ರಿಮ್ ಆಗುತ್ತದೆ ಅಂತ ಪಟ್ಟಿ ಕೊಡುತ್ತವೆ. 215/75 ಆರ್15ಕ್ಕೆ ಐದೂವರೆಯಿಂದ ಏಳು ಇಂಚು. ಅಂದರೆ ಕಂಪನಿ ರಿಮ್ಮನ್ನೇ ಇಟ್ಟುಕೊಳ್ಳುವ ಜಿಪ್ಸಿಯವರಿಗೆ ಅದೇ ಕೊನೇ ಗಡಿ. ನನ್ನ ಗಾಡಿಯಲ್ಲಿ ಈಗ ಇರುವುದೂ ಅದೇ. ಹಳೆಯ ನಾಲ್ಕನ್ನು 7 ಇಂಚಿನ ರಿಮ್ ಇದ್ದವರೊಬ್ಬರು ಅರ್ಧ ಬೆಲೆಗೆ ಕೊಂಡರು.

ಇನ್ನು ಲೆಕ್ಕ. ಜಿಪ್ಸಿ ಕಿಂಗ್‌ಗೆ ಬರುತ್ತಿದ್ದ ಟೈರ್ 205/70 ಆರ್15. ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 70, ಅಂದರೆ 143.5. ಮೇಲೊಂದು ಕೆಳಗೊಂದು ಗೋಡೆ ಸೇರಿ 287. ರಿಮ್ಮಿನ 15 ಇಂಚು ಅಂದರೆ 381. ಒಟ್ಟು ಎತ್ತರ 668 ಮಿ.ಮೀ. ಇದೇ ರೀತಿ 215/75ಕ್ಕೆ ಲೆಕ್ಕ ಹಾಕಿದರೆ 703.5 ಬರುತ್ತದೆ. 35 ಮಿ.ಮೀ. ಜಾಸ್ತಿ ಆಯಿತು ಅಂತ ಕುಣಿಯಬೇಡಿ. ಅದರಲ್ಲಿ ಅರ್ಧ ಮೇಲಕ್ಕೆ ಹೋಯಿತು. ಡಿಫರೆನ್ಷಿಯಲ್, ಅಂದರೆ ಆಕ್ಸಲ್ ನಡುವೆ ಕೆಳಕ್ಕೆ ಇಳಿಬಿದ್ದ ಗಿಯರ್ ಗುಂಡಿನ ಕೆಳಗೆ ನಿಮಗೆ ಸಿಗುವುದು ಹೆಚ್ಚುಕಡಿಮೆ ಒಂದು ಹೆಬ್ಬೆರಳಿನ ಅಗಲ. ಕಾಫಿ ತೋಟದ ದಾರಿಯಲ್ಲಿ ಎಷ್ಟೋ ಕಲ್ಲು ಆ ಹೆಬ್ಬೆರಳಿನಲ್ಲೇ ತಪ್ಪುತ್ತದೆ, ಅದು ಬೇರೆ ಮಾತು.

ಎತ್ತರ ಶೇ. 5ರಷ್ಟು ಹೆಚ್ಚಿದರೆ ಸ್ಪೀಡೋಮೀಟರ್ ಅಷ್ಟೇ ಕಡಿಮೆ ತೋರಿಸುತ್ತದೆ. ಮುಳ್ಳು 60ರಲ್ಲಿದ್ದರೆ ಗಾಡಿ ಮೊದಲಿಗಿಂತ 3 ಕಿ.ಮೀ. ಜೋರಾಗಿ ಓಡುತ್ತಿರುತ್ತದೆ. ಕಿಲೋಮೀಟರ್ ಕೂಡ ಕಡಿಮೆ ಎಣಿಸುವುದರಿಂದ ಮೈಲೇಜ್ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಇದು ಸಹಿಸಬಹುದು. ಗಿಯರಿನ ಕಥೆಯೇ ನಿಜವಾದ ತಲೆನೋವು. 235/75 ಹಾಕಿದ್ದಾಗ ಎತ್ತರ ಸುಮಾರು ಶೇ. 10 ಏರಿತ್ತು. ಎಲ್ಲ ಗಿಯರ್ ಅಷ್ಟರ ಮಟ್ಟಿಗೆ ಭಾರವಾದ ಹಾಗೆ. 1.3 ಲೀಟರಿನ ಸಣ್ಣ ಎಂಜಿನ್ ಪಾಪ ಏನು ಮಾಡೀತು? ಚಾರ್ಮಾಡಿ ಘಾಟಿ ಹತ್ತುವಾಗ ಮೂರನೇ ಗಿಯರಿನಲ್ಲಿ ಹೋಗುತ್ತಿದ್ದ ತಿರುವುಗಳಿಗೆಲ್ಲ ಎರಡಕ್ಕೆ ಇಳಿಸಬೇಕಾಯಿತು. ಐದನೇ ಗಿಯರ್ ಘಾಟಿಯ ಕೆಳಗಿನ ಉಜಿರೆಯಲ್ಲಿ ಮರೆತರೆ ಮೇಲಿನ ಕೊಟ್ಟಿಗೆಹಾರದಲ್ಲೇ ನೆನಪು.

ಮಾರುತಿಯದೇ ಜಿಮ್ನಿ ಇರುವವರಿಗೆ ಈ ಚಿಂತೆ ಕಡಿಮೆ. ಅದರದು 195/80 ಆರ್15, ಎತ್ತರ 693. 215/75 ಹಾಕಿದರೆ ಹೆಚ್ಚುವುದು ಹತ್ತೂಚಿಲ್ಲರೆ ಮಿ.ಮೀ. ಅಷ್ಟೇ.

ದುಡ್ಡು ಕೊಡುವ ಮೊದಲು ಉಜ್ಜುತ್ತದಾ ಅಂತ ನೋಡಿ. ನಾನು ಮಾಡುವುದು ಹೀಗೆ. ಅದೇ ಅಳತೆ ಹಾಕಿರುವ ಗೆಳೆಯರ ಜಿಪ್ಸಿಯಿಂದ ಒಂದು ಚಕ್ರ ಕಡ ತಂದು ಮುಂದುಗಡೆ ಹಾಕುತ್ತೇನೆ. ಗದ್ದೆಯ ಜೇಡಿಮಣ್ಣು ಕಲಸಿ ಮಡ್‌ಗಾರ್ಡಿನ ಒಳಗೆ, ಬಂಪರಿನ ಮೂಲೆಗೆ, ಸ್ಪ್ರಿಂಗ್ ಪ್ಲೇಟಿನ ಪಕ್ಕಕ್ಕೆ ತೆಳ್ಳಗೆ ಬಳಿಯುತ್ತೇನೆ. ಆ ಚಕ್ರವನ್ನು ಒಂದಡಿ ಎತ್ತರದ ಗಟ್ಟಿ ಕಟ್ಟೆಗೆ ನಿಧಾನಕ್ಕೆ ಹತ್ತಿಸಿ, ಸ್ಪ್ರಿಂಗ್ ಕುಗ್ಗಿದ ಮೇಲೆ ಸ್ಟೇರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ. ಆಮೇಲೆ ಇಳಿಸಿ, ಚಕ್ರ ನೇರ ಮಾಡಿ, ಟಾರ್ಚ್ ಬಿಟ್ಟು ನೋಡಿದರೆ ತಾಗಿದ ಕಡೆ ಮಣ್ಣು ಒರೆಸಿಹೋಗಿರುತ್ತದೆ. ಸಮ ನೆಲದಲ್ಲಿ ನಿಲ್ಲಿಸಿ ನೋಡಿದರೆ ಇದೇನೂ ಗೊತ್ತಾಗುವುದಿಲ್ಲ. ನನ್ನದರಲ್ಲಿ ಮಡ್‌ಫ್ಲಾಪ್ ಮಾತ್ರ ತಾಗಿತು, ಹಿಂದಕ್ಕೆ ಎಳೆದು ಕಟ್ಟಿದೆ. ಬ್ರೇಕ್ ಹೋಸ್ ಹತ್ತಿರ ತಾಗಿದರೆ ಮಾತ್ರ ಆ ಅಳತೆ ಬಿಟ್ಟುಬಿಡಿ, ವಾದ ಬೇಡ. ಮಳೆಗಾಲದಲ್ಲಿ ಚೈನ್ ಕಟ್ಟುವವರು ಚೈನಿನ ದಪ್ಪವನ್ನೂ ಸೇರಿಸಿ ನೋಡಿ.

ಬಟನ್ ಯಾವುದಿರಬೇಕು? ದೊಡ್ಡ ಗಟ್ಟೆಯ ಮಡ್ ಟೈರ್ ಕೆಸರನ್ನು ಎಸೆದು ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಆದರೆ ಒದ್ದೆ ಟಾರಿನಲ್ಲಿ ಬ್ರೇಕ್ ಹಾಕಿದರೆ ಹಿಡಿತ ಕಡಿಮೆ, ಸದ್ದೂ ಜಾಸ್ತಿ. ನಾನು ವಾರಕ್ಕೆ ನಾಲ್ಕು ದಿನ ಮೂಡಿಗೆರೆಗೆ ಹೋಗುವವನು, ನನಗೆ ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಸಾಕು. ಲೈಟ್ ಟ್ರಕ್ (LT) ಎಂದು ಬರೆದ ದಪ್ಪ ಗೋಡೆಯ ಟೈರ್ ಕೂಡ ಜಿಪ್ಸಿಗೆ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗಾಡಿ ತೂಗುವುದೇ ಸುಮಾರು ಒಂದು ಟನ್. ಲೀಫ್ ಸ್ಪ್ರಿಂಗ್ ಕೊಡುವ ಏಟಿನ ಜೊತೆ ಅದೂ ಸೇರಿದರೆ ಸೊಂಟದ ಗತಿ? ಟೈರ್ ಎಷ್ಟು ಭಾರ ಹೊರಬಲ್ಲದು ಅಂತ ಹೇಳುವ ಸಂಖ್ಯೆ, ಲೋಡ್ ಇಂಡೆಕ್ಸ್ ಮಾತ್ರ ಹಳೇ ಟೈರಿಗಿಂತ ಕಡಿಮೆ ಇರಬಾರದು. ತಯಾರಾದ ತಾರೀಖನ್ನೂ ಓದಿ. 2324 ಅಂತಿದ್ದರೆ 2024ರ 23ನೇ ವಾರ.

ಕೊಂಡರೆ ಐದು ಕೊಳ್ಳಿ. ನಾಲ್ಕು ದೊಡ್ಡದು, ಸ್ಟೆಪ್ನಿ ಹಳೆಯದು ಅಂತಾದರೆ ಪಂಕ್ಚರ್ ಆದ ದಿನ ತೊಂದರೆ. ಜಿಪ್ಸಿಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಚಕ್ರದ ಸುತ್ತಳತೆ ಬೇರೆ ಬೇರೆ ಇದ್ದರೆ ಒಂದನ್ನೊಂದು ಎಳೆದಾಡಿ, ಎರಡೂ ಶಾಫ್ಟಿಗೆ ಎಂಜಿನ್ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಹಿಂದಿನ ಬಾಗಿಲಲ್ಲಿ ನೇತಾಡುವ ಸ್ಟೆಪ್ನಿ ಭಾರ ಹೆಚ್ಚಾದ್ದರಿಂದ ಬಾಗಿಲಿನ ತಿರುಗಣಿಗಳನ್ನೂ ಒಮ್ಮೆ ನೋಡಿಕೊಳ್ಳಿ. ಹೊಸ ಅಳತೆಯ ಬಗ್ಗೆ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಇಟ್ಟುಕೊಳ್ಳಿ.

ಹಾಕಿಸುವ ದಿನ ಅಂಗಡಿಯಲ್ಲಿ ಟೀ ಕುಡಿಯಲು ಹೋಗದೆ ಪಕ್ಕದಲ್ಲೇ ನಿಲ್ಲಿ. ಹಳೇ ರಿಮ್ಮಿನಲ್ಲಿ ಟೈರ್ ಕೂರುವ ಅಂಚಿಗೆ ತುಕ್ಕು ಹಿಡಿದಿರುತ್ತದೆ. ಅದನ್ನು ಉಜ್ಜಿ ತೆಗೆಯದಿದ್ದರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ. ವಾಲ್ವ್ ಹೊಸದೇ ಹಾಕಿಸಿ.

ಗಾಡಿಯ ಸ್ಟಿಕ್ಕರಿನಲ್ಲಿರುವ ಪ್ರೆಶರ್ ಹಳೇ ಟೈರಿನ ಲೆಕ್ಕ. ಅದರಿಂದಲೇ ಶುರು ಮಾಡಿ. ಟೈರಿನ ಮೇಲೆ ಅಡ್ಡಕ್ಕೆ ಸೀಮೆಸುಣ್ಣದ ದಪ್ಪ ಗೆರೆ ಎಳೆದು, ನೇರ ಟಾರಿನಲ್ಲಿ ಒಂದಿಪ್ಪತ್ತು ಮೀಟರ್ ಓಡಿಸಿ ಇಳಿದು ನೋಡಿ. ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಜಾಸ್ತಿ, ಅಂಚುಗಳು ಮಾತ್ರ ಅಳಿಸಿದ್ದರೆ ಕಡಿಮೆ. ಎರಡೆರಡು ಪಿಎಸ್ಐ ಬದಲಿಸುತ್ತಾ ಗೆರೆ ಒಂದೇ ಸಮ ಅಳಿಸುವವರೆಗೆ ನೋಡಿ. ಕೆಸರಿಗೆ ಇಳಿಯುವಾಗ ನಾನು 16ಕ್ಕೆ ಇಳಿಸುತ್ತೇನೆ, ಟಾರ್ ಸಿಕ್ಕ ಕೂಡಲೇ ಸಣ್ಣ ಕಂಪ್ರೆಸರ್‌ನಲ್ಲಿ ಮತ್ತೆ ತುಂಬಿಸುತ್ತೇನೆ.

ನೂರು ಕಿ.ಮೀ. ಓಡಿದ ಮೇಲೆ ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಮತ್ತೆ ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಗಾಡಿಯಲ್ಲಿ ಒಂದು ಸಣ್ಣ ಸ್ಟೂಲ್ ಇಟ್ಟುಕೊಳ್ಳಿ. ನಮ್ಮ ಅಮ್ಮನಿಗೆ ಆ ಹೆಬ್ಬೆರಳಿನ ಎತ್ತರವೂ ಜಾಸ್ತಿಯೇ ಆಗಿದೆ.