ಗಪ್ಪಿ ಮರಿ ಹೆಚ್ಚಾಗಿ ಟ್ಯಾಂಕ್ ತುಂಬಿದಾಗ ನಾನು ಮಾಡಿದ್ದು

ನಮ್ಮನೆ ಹಾಲ್‌ನಲ್ಲಿರೋ ಮೀನಿನ ಟ್ಯಾಂಕು 3 ಅಡಿ ಉದ್ದ, ಅಗಲ ಎತ್ತರ ಎರಡೂ 15 ಇಂಚು, ತುಂಬಾ ತುಂಬಿದ್ರೆ ಹತ್ರ ಹತ್ರ 130 ಲೀಟರ್ ನೀರು ಹಿಡಿತೈತೆ. ಅದಕ್ಕೆ ಮೊದಲು ತಂದಿದ್ದು 6 ಗಪ್ಪಿ (2 ಗಂಡು, 4 ಹೆಣ್ಣು), ಒಂದು ಜೋಡಿ ಕರಿ ಮೋಲಿ, 3 ಸ್ವೋರ್ಡ್‌ಟೇಲ್, ಜೊತೆಗೆ 6 ಜೀಬ್ರಾ ಡೇನಿಯೋ. ಡೇನಿಯೋ ಬಿಟ್ರೆ ಉಳಿದವೆಲ್ಲ ಮೊಟ್ಟೆ ಇಡದೆ ನೇರ ಮರಿ ಹಾಕೋ ಜಾತಿ. ಜೂನ್‌ನಲ್ಲಿ ತಂದಿದ್ದು. ಸಂಕ್ರಾಂತಿ ಹೊತ್ತಿಗೆ ಎಣಿಸೋಕೆ ಕೂತ್ರೆ 150 ದಾಟಿದ ಮೇಲೆ ಲೆಕ್ಕ ತಪ್ಪೋದು, ಯಾಕಂದ್ರೆ ಒಂದೂ ನಿಂತಲ್ಲಿ ನಿಲ್ಲಲ್ಲ.

ಮೊದಲ ಸಲ ಮರಿ ಆದಾಗ ಮನೆಯವರೆಲ್ಲ ಟ್ಯಾಂಕ್ ಮುಂದೆ ಕೂತು ನೋಡಿದ್ವಿ. ಹೆಣ್ಣು ಗಪ್ಪಿ ಹಿಂದಿನ ದಿನದಿಂದಲೇ ಊಟ ಬಿಟ್ಟು ಮೂಲೆ ಹಿಡಿದಿತ್ತು, ಹೊಟ್ಟೆ ಚೌಕಾಗಿತ್ತು, ಬಾಲದ ಬುಡದ ಹತ್ರ ಇರೋ ಕಪ್ಪು ಕಲೆ ಎಷ್ಟು ದೊಡ್ಡದಾಗಿತ್ತು ಅಂದ್ರೆ ಟಾರ್ಚ್ ಹಿಡಿದ್ರೆ ಒಳಗೆ ಮರಿಗಳ ಕಣ್ಣು ಸಾಸಿವೆ ಚುಕ್ಕಿ ಥರ ಕಾಣ್ತಿದ್ವು. ಮರಿ ಹೊರಗೆ ಬರ್ತಾ ಸುರುಳಿ ಸುತ್ಕೊಂಡೇ ಬೀಳೋದು, ತಳ ಮುಟ್ಟೋಷ್ಟ್ರಲ್ಲಿ ಬಿಚ್ಕೊಂಡು ಗಿಡದ ಸಂದಿಗೆ ಓಡೋದು. 27 ಮರಿ. ಅವನ್ನೆಲ್ಲ ಉಳಿಸ್ಬೇಕು ಅಂತ ಮರಿಗಳನ್ನ ದೊಡ್ಡ ಮೀನಿಂದ ಬೇರೆ ಇಡೋ ಬ್ರೀಡಿಂಗ್ ಬಾಕ್ಸ್ ತಂದೆ, ಹೈಡ್ರಿಲ್ಲಾ ಅನ್ನೋ ನೀರಿನ ಗಿಡ ದಟ್ಟವಾಗಿ ಹಾಕಿದೆ, ದಿನಕ್ಕೆ ಮೂರು ಸಲ ಪುಡಿ ಫುಡ್, ಚಳಿಗಾಲಕ್ಕೆ ಹೀಟರ್ ಬೇರೆ 28 ಡಿಗ್ರಿಗೆ ಇಟ್ಟೆ. ತೊಂದರೆ ಶುರುವಾಗಿದ್ದೇ ಅಲ್ಲಿ. ಈ ಮೀನುಗಳಿಗೆ ನಮ್ಮೂರ ಬೋರ್ ನೀರು ಹಬ್ಬ ಇದ್ದಂಗೆ, ದಾವಣಗೆರೆಯಲ್ಲಿ ಬೋರ್ ನೀರು ಬಳಸೋ ಮನೆಯ ನಲ್ಲಿ ಬಾಯಿ ನೋಡಿ, ಬಿಳಿ ಸುಣ್ಣ ಕಟ್ಟಿರುತ್ತೆ, ಅಷ್ಟು ಗಡಸು, ಗಪ್ಪಿ ಮೋಲಿ ಎಲ್ಲಕ್ಕೂ ಗಡಸು ನೀರೇ ಇಷ್ಟ. ಬೆಚ್ಚಗಿನ ಗಡಸು ನೀರು, ಹೊಟ್ಟೆ ತುಂಬಾ ಊಟ, ಅಡಗೋಕೆ ಗಿಡ, ಇನ್ನೇನು ಬೇಕು ಅವಕ್ಕೆ? ಸುಮಾರು ನಾಲ್ಕು ವಾರಕ್ಕೊಂದ್ಸಲ ಒಂದೊಂದು ಹೆಣ್ಣು ಮರಿ ಹಾಕ್ತಾ ಹೋಯ್ತು.

ಮಾರ್ಚ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋಯ್ತು. ಫಿಲ್ಟರು ಏರ್ ಪಂಪು ಎರಡೂ ನಿಂತಿದ್ವು, ನಾವು ನಿದ್ದೆಯಲ್ಲಿ. ಬೆಳಗ್ಗೆ ಐದೂವರೆಗೆ ಎದ್ದು ನೋಡಿದ್ರೆ ಉಳಿದಿರೋವೆಲ್ಲ ನೀರಿನ ಮೇಲೆ ಬಾಯಿ ತೆರ್ಕೊಂಡು ನಿಂತಿದಾವೆ, 23 ಸತ್ತು ತೇಲ್ತಿದಾವೆ. ಉಸಿರುಗಾಳಿ ಕಮ್ಮಿ ಆದ್ರೆ ದೊಡ್ಡ ಮೀನೇ ಮೊದಲು ಹೋಗೋದು, ಹಂಗಾಗಿ ಮೊದಲು ತಂದ ಆ ಹಳೇ ಹೆಣ್ಣುಗಳಲ್ಲಿ ಮೂರು, ಮೋಲಿ ಜೋಡಿ, ನಾಲ್ಕು ಡೇನಿಯೋ, ಎಲ್ಲ ಅವತ್ತೇ ಹೋದ್ವು. 130 ಲೀಟರ್‌ನಲ್ಲಿ 40 ಮೀನಿದ್ದಿದ್ರೆ ಆ ರಾತ್ರಿ ಏನೂ ಆಗ್ತಿರ್ಲಿಲ್ಲ. ಅವತ್ತು ನನಗೆ ಬಾಳ ಸಂಕಟ ಆಯ್ತು, ಇನ್ಮೇಲೆ ಇದನ್ನ ಹಿಡಿತಕ್ಕೆ ತರ್ಲೇಬೇಕು ಅಂತ ಕೂತೆ.

ಪರಿಚಯದವರೊಬ್ರು ಅಂದ್ರು, ಕುಂದವಾಡ ಕೆರೆಗೆ ಬಿಟ್ಟು ಬನ್ನಿ, ಪುಣ್ಯ ಬರುತ್ತೆ ಅಂತ. ನಾನು ಬೆಳಗ್ಗೆ ವಾಕ್ ಹೋಗೋದೇ ಆ ಕೆರೆ ಏರಿ ಮೇಲೆ, ಕುಡಿಯೋ ನೀರಿನ ಕೆರೆ ಅದು, ಹಕ್ಕಿಗಳು ಎಷ್ಟು ಬರ್ತಾವೆ. ಗಪ್ಪಿ ದಕ್ಷಿಣ ಅಮೆರಿಕದ ಕಡೆದು, ಮೋಲಿ ಸ್ವೋರ್ಡ್‌ಟೇಲ್ ಎಲ್ಲ ಮೆಕ್ಸಿಕೋ ಸುತ್ತಮುತ್ತಲವು. ಇಲ್ಲಿನ ಸಣ್ಣ ಮೀನಿನ ಮೊಟ್ಟೆ ಮರಿ ತಿಂದು ಅವುಗಳ ಜಾಗ ಹಿಡಿತಾವೆ, ಒಂದೇ ಒಂದು ಬಸುರಿ ಹೆಣ್ಣು ಬಿಟ್ರೂ ಸಾಕು ಅಲ್ಲಿ ಸಂಸಾರ ಶುರು ಮಾಡೋಕೆ. ಸೊಳ್ಳೆ ಮರಿ ತಿನ್ಲಿ ಅಂತ ಆರೋಗ್ಯ ಇಲಾಖೆಯವರೇ ಗಪ್ಪಿ ಬಿಡಲ್ವಾ ಅಂತ ಅವರು ಕೇಳಿದ್ರು. ಬಿಡ್ತಾರೆ, ಆದ್ರೆ ಅದು ಗೊತ್ತಿದ್ದು ಜಾಗ ನೋಡಿ ಮಾಡೋ ಕೆಲಸ, ನಮ್ಮ ಮನೆಯ ಹೆಚ್ಚುವರಿನ ಕೆರೆಗೆ ಸುರಿಯೋದು ಬೇರೆ. ಕುಂದವಾಡ ಆಗ್ಲಿ ಸೂಳೆಕೆರೆ ಆಗ್ಲಿ ಮನೆ ಹತ್ರದ ಚಾನೆಲ್ ಆಗ್ಲಿ, ದಯವಿಟ್ಟು ಬಿಡ್ಬೇಡಿ.

ಆಮೇಲೆ ಏಂಜಲ್ ಮೀನು ತಂದ್ರೆ ಮರಿ ತಿನ್ನುತ್ತೆ ಅಂದ್ರು ಅಂತ ಎರಡು ತಂದೆ. ಎರಡು ತಿಂಗಳು ಚೆನ್ನಾಗಿ ತಿಂದ್ವು, ಕೈಯಗಲ ಬೆಳೆದ ಮೇಲೆ ಉದ್ದ ಬಾಲದ ಗಂಡು ಗಪ್ಪಿಗಳನ್ನೇ ಹಿಡಿಯೋಕೆ ಶುರು ಮಾಡಿದ್ವು. ವಾಪಸ್ ಕೊಟ್ಟೆ.

ಅಷ್ಟರಲ್ಲಿ ಇನ್ನೊಂದು ಕೆಲಸ ಯುಗಾದಿ ಆದ ವಾರದಲ್ಲೇ ಶುರು ಮಾಡಿದ್ದೆ, ಕೊನೆಗೆ ಕೈಹಿಡಿದಿದ್ದು ಅದೇ. ಗಂಡು ಹೆಣ್ಣು ಬೇರೆ ಮಾಡೋದು. ಮಾತು ಸುಲಭ, ಕೆಲಸ ಹಂಗಲ್ಲ. ಮಗಳು ಒಂದೊಂದೇ ಮೀನು ಬಲೆಯಲ್ಲಿ ಹಿಡಿದು ಗಾಜಿನ ಲೋಟಕ್ಕೆ ಹಾಕೋಳು, ನಾನು ಹಿಂದಿಂದ ಮೊಬೈಲ್ ಟಾರ್ಚ್ ಹಿಡಿದು ನೋಡೋದು. ಬಣ್ಣ ನೋಡ್ಬೇಡಿ, ಹೊಟ್ಟೆ ಕೆಳಗೆ ಹಿಂಭಾಗದ ರೆಕ್ಕೆ ನೋಡ್ಬೇಕು. ಹೆಣ್ಣಿಗೆ ಅದು ಬೀಸಣಿಗೆ ಥರ ಮೂರು ಮೂಲೆ ಬಿಚ್ಕೊಂಡಿರುತ್ತೆ. ಗಂಡಿಗೆ ಅದು ಕೂಡ್ಕೊಂಡು ಕಡ್ಡಿ ಥರ ಸಣ್ಣಗೆ ಹಿಂದಕ್ಕೆ ಮಲಗಿರುತ್ತೆ. ತಿಂಗಳ ಮರಿಗೆ ಅನುಮಾನ ಬರುತ್ತೆ, ಅಂಥವನ್ನೆಲ್ಲ ಒಂದು ಬಕೆಟ್‌ಗೆ ಬೇರೆ ಇಟ್ಟು ವಾರ ಬಿಟ್ಟು ಮತ್ತೆ ನೋಡೋದು. ಎರಡು ಭಾನುವಾರ ಪೂರ್ತಿ ಹೋಯ್ತು. ಗಂಡುಗಳನ್ನ ಹಾಲ್‌ನ ದೊಡ್ಡ ಟ್ಯಾಂಕಲ್ಲೇ ಉಳಿಸ್ಕೊಂಡೆ, ಹೆಂಗಿದ್ರೂ ಬಣ್ಣ ಇರೋದು ಅವಕ್ಕೇ, ಹೆಣ್ಣುಗಳಲ್ಲಿ ಎಂಟನ್ನ ರೂಮಲ್ಲಿ ಎರಡಡಿ ಟ್ಯಾಂಕಿಗೆ ಹಾಕಿದೆ, ಉಳಿದ ಹೆಣ್ಣುಗಳನ್ನ ಅಂಗಡಿಗೆ, ಗೊತ್ತಿರೋರ ಮನೆಗೆ ಕೊಟ್ಟೆ. ಕೊಡುವಾಗ ಕೇಳೇ ಕೊಟ್ಟೆ, ಟ್ಯಾಂಕ್ ಐತಾ, ಫಿಲ್ಟರ್ ಐತಾ ಅಂತ.

ಬೇರೆ ಮಾಡಿದ ಮೇಲೆ ಮರಿ ನಿಲ್ಲುತ್ತೆ ಅಂದ್ಕೊಂಡಿದ್ದೆ. ಮೂರನೇ ವಾರಕ್ಕೆ ಮತ್ತೆ 30 ಮರಿ. ಗಂಡಿನ ಮುಖ ನೋಡದೆ ಇನ್ನೊಂದು ತಿಂಗಳಿಗೆ ಮತ್ತೆ! ಇದು ಎಲ್ಲರಿಗೂ ಗೊತ್ತಿರ್ಬೇಕು: ಈ ಜಾತಿ ಹೆಣ್ಣು ಒಂದ್ಸಲ ಕೂಡಿದ ಗಂಡಿನ ವೀರ್ಯನ ಹೊಟ್ಟೆಯೊಳಗೆ ತಿಂಗಳುಗಟ್ಟಲೆ ಕಾಪಾಡ್ಕೊಂಡು ಇಟ್ಕೊಂಡು ಹಲವು ಸಲ ಮರಿ ಹಾಕುತ್ತೆ. ಅಂಗಡಿಯಿಂದ ಬರೀ ಹೆಣ್ಣು ತಂದ್ರೂ ಮರಿ ಆಗೋದು ಅದಕ್ಕೇ. ನಮ್ಮಲ್ಲಿ ಗಣೇಶನ ಹಬ್ಬದವರೆಗೂ ನಡೀತು, ಆದ್ರೆ ಸಲಸಲಕ್ಕೂ ಕಮ್ಮಿ ಆಗ್ತಾ ಬಂತು, 30, 18, 11, ಕೊನೆಗೆ 4. ಅಷ್ಟು ದಿನ ತಾಳ್ಮೆ ಬೇಕು.

ಆ ಸಮಯದಲ್ಲಿ ಹೆಣ್ಣುಗಳ ಟ್ಯಾಂಕಿಂದ ಹೈಡ್ರಿಲ್ಲಾ ಎಲ್ಲ ತೆಗೆದೆ, ಎರಡು ಕಲ್ಲು ಒಂದು ಅನುಬಿಯಾಸ್ ಗಿಡ ಅಷ್ಟೇ. ಬಾಕ್ಸ್ ಕೊಟ್ಬಿಟ್ಟೆ, ಹೀಟರ್ ತೆಗೆದಿಟ್ಟೆ, ಊಟ ದಿನಕ್ಕೊಂದೇ ಸಲ, ಸೋಮವಾರ ಉಪವಾಸ. ಮರೆ ಇಲ್ಲದಿದ್ರೆ ಹುಟ್ಟಿದ ಮರಿನ ದೊಡ್ಡವೇ ತಿಂತಾವೆ. ಇದು ನನಗೆ ನೋಡೋಕೆ ಕಷ್ಟ ಆಗಿದ್ದು ನಿಜ, ಮಗಳಂತೂ ಆ ರೂಮಿಗೇ ಬರ್ತಿರ್ಲಿಲ್ಲ. ಆದ್ರೆ ಹೊಳೆಯಲ್ಲೂ ಬಹುಪಾಲು ಮರಿ ಹಿಂಗೇ ಹೋಗೋದು, ನೂರಾರು ಮೀನು ಅದೇ ನೀರಲ್ಲಿ ನರಳೋದಕ್ಕಿಂತ ಇದು ವಾಸಿ ಅಂತ ನನ್ನ ಮನಸ್ಸಿಗೆ ಅನ್ಸುತ್ತೆ. ತಪ್ಪಿಸ್ಕೊಂಡು ಬೆಳೆದ ನಾಲ್ಕೈದನ್ನ ಐದನೇ ವಾರದೊಳಗೆ ಲೋಟಕ್ಕೆ ಹಾಕಿ ನೋಡಿ ಗಂಡಾದ್ರೆ ಗಂಡುಗಳ ಟ್ಯಾಂಕಿಗೆ ಹಾಕ್ತೀನಿ. ತಡ ಮಾಡಿದ್ರೆ ಎರಡು ತಿಂಗಳಿಗೆಲ್ಲ ಅಕ್ಕತಂಗೀರನ್ನೇ ಕೂಡಿ ಮತ್ತೆ ಮೊದಲಿಂದ.

ಹಂಗೆ ಒಂದು ಸಲ ಮೋಸ ಹೋದೆ. ಹೆಣ್ಣು ಅಂದ್ಕೊಂಡಿದ್ದ ಒಂದು ಸ್ವೋರ್ಡ್‌ಟೇಲ್ ದೀಪಾವಳಿ ಹತ್ರ ಕೆಳಗಡೆ ಬಾಲ ಗಂಡಿನಂಗೆ ಚೂಪಾಗಿ ಬೆಳೆಸ್ಕೊಳ್ತು. ಹೆಣ್ಣು ಗಂಡಾಯ್ತು ಅಂತಾರೆ ಜನ, ಹಂಗಲ್ಲ, ಕೆಲವು ಗಂಡು ಬಾಳ ತಡವಾಗಿ ಪ್ರಾಯಕ್ಕೆ ಬರ್ತಾವೆ, ಅಲ್ಲಿವರೆಗೆ ಹೆಣ್ಣಿನಂಗೇ ದಪ್ಪಗಿರ್ತಾವೆ. ಅದಕ್ಕೆ ಸ್ವೋರ್ಡ್‌ಟೇಲ್‌ನ ಎಂಟು ತಿಂಗಳಾಗೋವರೆಗೂ ನಂಬಲ್ಲ ನಾನು, ಬೇರೆ ಡಬ್ಬದಲ್ಲಿಡ್ತೀನಿ.

ಗಂಡುಗಳು ಮಾತ್ರ ಇದ್ರೆ ಒಂದನ್ನೊಂದು ಅಟ್ಟಾಡಿಸ್ತಾವೆ. ಮೂರು ನಾಲ್ಕಿದ್ದಾಗ ಒಂದು ಬಡಪಾಯಿ ಗಪ್ಪಿ ಬಾಲ ಹರಿದು ಹೋಗಿತ್ತು, 18 ಮಾಡಿದ ಮೇಲೆ ಯಾರ ಮೇಲೂ ಜೋರು ಬೀಳ್ತಿಲ್ಲ. ಹಾಲ್‌ನ ಟ್ಯಾಂಕಲ್ಲಿ ಈಗ ಆ 18 ಗಪ್ಪಿ, ಉಳಿದ 2 ಡೇನಿಯೋಗೆ ಹೊಸದಾಗಿ 4 ಸೇರಿಸಿ 6, ಅಷ್ಟೇ. ಬ್ಯಾಟರಿ ಏರ್ ಪಂಪ್ ಒಂದು ಪಕ್ಕದಲ್ಲೇ ಇಟ್ಟಿದೀನಿ, ಕರೆಂಟ್ ಹೋದ ಕೂಡ್ಲೇ ತಾನಾಗೇ ಆನ್ ಆಗುತ್ತೆ. ರೂಮಿನ ಟ್ಯಾಂಕಲ್ಲಿ ಹೆಣ್ಣು 8, ಆ ಮಾರ್ಚ್ ರಾತ್ರಿ ಬದುಕುಳಿದ ಹಳೇ ಗಪ್ಪಿನೂ ಅದರಲ್ಲೇ ಐತೆ, ಬೆನ್ನು ಸ್ವಲ್ಪ ಬಾಗೈತೆ, ಊಟಕ್ಕೆ ಮಾತ್ರ ಈಗಲೂ ಎಲ್ಲಕ್ಕಿಂತ ಮೊದಲು ಬರೋದು ಅದೇ.