ಮೂರು ಗಾಡಿ ಸೇರಿ ಒಂದಾದ ಹಳೇ ಫೋರ್ಡ್ ಟ್ರ್ಯಾಕ್ಟರ್: ಗುರುತು ಹಿಡಿದು ದುರಸ್ತಿ ಮಾಡುವ ಬಗೆ

ಫೋರ್ಡ್ ಕಂಪನಿ ಅಮೆರಿಕದಲ್ಲಿ ತಯಾರಿಸಿದ ಎನ್ ಸರಣಿಯ ಪೆಟ್ರೋಲ್ ಟ್ರ್ಯಾಕ್ಟರುಗಳಲ್ಲಿ ಮೂರು ಮಾದರಿಗಳಿವೆ: 9ಎನ್ (1939–42), 2ಎನ್ (1942–47), 8ಎನ್ (1947–52). ಇವಕ್ಕೆ ಬೇರೆ ಚಾಸಿ, ಅಂದರೆ ಅಡಿಚೌಕಟ್ಟು, ಎಂಬುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗ್ (ಡಿಫರೆನ್ಶಿಯಲ್, ಹೈಡ್ರಾಲಿಕ್ ಇರುವ ಕವಚ) ಒಂದಕ್ಕೊಂದು ಬೋಲ್ಟಿನಲ್ಲಿ ಕೂಡಿದರೆ ಅದೇ ಗಾಡಿ. ಒಂದು ಮಾದರಿಯ ಎಂಜಿನ್ ಇನ್ನೊಂದರ ಗೇರ್‌ಬಾಕ್ಸಿಗೆ ಸಲೀಸಾಗಿ ಕೂರುತ್ತದೆ. ಹಾಗಾಗಿ ಕೆಟ್ಟಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಓಡಿಸಿದ್ದಾರೆ. ಇಂಥ ಕಲಬೆರಕೆ ಗಾಡಿಗೆ ಬಾನೆಟ್ ಮೇಲಿನ ಹೆಸರು ನೋಡಿ ಬಿಡಿಭಾಗ ತರಿಸಿದರೆ ಅರ್ಧಕ್ಕರ್ಧ ವಾಪಸ್ ಕಳಿಸಬೇಕಾಗುತ್ತದೆ. ಎದುರಿಗಿರುವುದು ಮೂರು ಟ್ರ್ಯಾಕ್ಟರು ಎಂದುಕೊಂಡೇ ಕೆಲಸ ಶುರು ಮಾಡಿ.

ಮೊದಲು ನಂಬರು. ಎಂಜಿನ್ ಬ್ಲಾಕಿನ ಎಡಗಡೆ, ಹೆಡ್ಡಿನ ಕೆಳಗೆ, ಆಯಿಲ್ ಫಿಲ್ಟರಿನ ಹಿಂದೆ ಸಮತಟ್ಟಾದ ಜಾಗವಿದೆ. ಅಲ್ಲಿ ಎರಡೂ ತುದಿಗೆ ನಕ್ಷತ್ರದಂಥ ಗುರುತಿಟ್ಟು ನಂಬರ್ ಒತ್ತಿರುತ್ತಾರೆ. ಜಿಡ್ಡನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತೆಗೆಯಿರಿ, ಗ್ರೈಂಡರ್ ಮುಟ್ಟಿಸಬೇಡಿ. ಒತ್ತಿದ ಅಕ್ಷರ ತೀರಾ ಆಳವಿರುವುದಿಲ್ಲ. ಒಣಗಿದ ಮೇಲೆ ಸೀಮೆಸುಣ್ಣ ಉಜ್ಜಿ ಬೆರಳಿನಿಂದ ಒರೆಸಿದರೆ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ. 2ಎನ್ ಗಾಡಿಗಳ ನಂಬರೂ ‘9ಎನ್’ ಎಂದೇ ಶುರುವಾಗುತ್ತದೆ, ಅದನ್ನು ಕಂಡು ಮೋಸವಾಯಿತೆಂದು ಗಾಬರಿಯಾಗಬೇಕಿಲ್ಲ. ನಂಬರೇ ಇಲ್ಲದಿದ್ದರೆ ಅದು ಬದಲಿ ಬ್ಲಾಕ್ ಇರಬಹುದು. ಏನೇ ಸಿಕ್ಕರೂ ಆ ನಂಬರ್ ಹೇಳುವುದು ಎಂಜಿನ್ನಿನ ವಯಸ್ಸನ್ನಷ್ಟೇ.

ಉಳಿದ ಭಾಗಗಳ ವಯಸ್ಸು ಎರಕದಲ್ಲೇ, ಅಂದರೆ ಅಚ್ಚಿಗೆ ಹೊಯ್ದ ಲೋಹದ ಮೇಲೇ, ಇದೆ. ಗೇರ್‌ಬಾಕ್ಸ್, ಹಿಂದಿನ ಹೌಸಿಂಗಿನಂಥ ದೊಡ್ಡ ಎರಕಗಳ ಮೇಲೆ ಒಂದು ಅಕ್ಷರ, ಆಮೇಲೆ ತಾರೀಖು, ಕೊನೆಗೆ ಇಸವಿಯ ಕಡೆಯ ಅಂಕಿ ಉಬ್ಬಿರುತ್ತದೆ. ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ, ಹೀಗೆ. ‘ಎಚ್ 15 8’ ಎಂದಿದ್ದರೆ 1948ರ ಆಗಸ್ಟ್ 15. ಫಜೀತಿ ಬರುವುದು ಒಂದೇ ಅಂಕಿ ಎರಡು ಇಸವಿಗೆ ಹೊಂದಿದಾಗ. ಉದಾಹರಣೆಗೆ ಕೊನೆಯ ಅಂಕಿ 9 ಆದರೆ 1939 ಆಗಿರಬಹುದು, 1949 ಕೂಡ. ಪಕ್ಕದ ಪಾರ್ಟ್ ನಂಬರ್ ‘8ಎನ್’ ಎಂದಿದ್ದರೆ 1949 ಎಂದು ತೀರ್ಮಾನಿಸಿ. ‘9ಎನ್’ ಎಂದಿದ್ದರೆ ಅವಸರ ಬೇಡ. ಹಳೇ ನಂಬರಿನ ಭಾಗಗಳು ಮುಂದಿನ ಮಾದರಿಯಲ್ಲೂ ಬಳಕೆಯಾದವು.

ಆಗ ಕಣ್ಣಿಗೆ ಕಾಣುವ ಲಕ್ಷಣಗಳನ್ನು ಹಿಡಿಯಿರಿ. ಮುಂದಕ್ಕೆ ಮೂರೇ ಗೇರಿದ್ದರೆ ಅದು 9ಎನ್ ಇಲ್ಲವೇ 2ಎನ್ ಗೇರ್‌ಬಾಕ್ಸ್, ನಾಲ್ಕಿದ್ದರೆ 8ಎನ್. ಎರಡೂ ಬ್ರೇಕ್ ಪೆಡಲ್ ಬಲಗಡೆ ಇರುವುದು 8ಎನ್‌ನಲ್ಲಿ. ಅದಕ್ಕೂ ಮೊದಲಿನ ಮಾದರಿಗಳಲ್ಲಿ ಎಡಚಕ್ರದ ಬ್ರೇಕ್ ಎಡಗಡೆ, ಕ್ಲಚ್ಚಿನ ಜೊತೆ. ಹಿಂದಿನ ಚಕ್ರಕ್ಕೆ ಎಂಟು ನಟ್ಟಿದ್ದರೆ 8ಎನ್, ಆರಿದ್ದರೆ ಮೊದಲಿನವು. ಬಣ್ಣವೂ ಸಾಕ್ಷಿ ಹೇಳುತ್ತದೆ: 9ಎನ್, 2ಎನ್ ಪೂರ್ತಿ ಬೂದು, 8ಎನ್‌ಗೆ ತಗಡು ತಿಳಿಬೂದು, ಎರಕವೆಲ್ಲ ಕೆಂಪು. ಗೇರ್‌ಬಾಕ್ಸಿನ ಮೂಲೆಯಲ್ಲಿ ಬ್ಲೇಡಿನಿಂದ ಉಗುರಗಲ ಕೆರೆದು ನೋಡಿ, ಕೆಂಪಿನಡಿ ಗಾಢ ಬೂದು ಕಂಡರೆ ಆ ಹೌಸಿಂಗ್ ಹಳೆಯದು. ಬಾನೆಟ್ಟಿಗೆ ಅಯಸ್ಕಾಂತ ಹಿಡಿಯುವುದನ್ನೂ ಮರೆಯಬೇಡಿ. 1939ರ ಮೊಟ್ಟಮೊದಲ ಗಾಡಿಗಳಿಗೆ ಅಲ್ಯುಮಿನಿಯಂ ಬಾನೆಟ್ ಇತ್ತು. ಅಂಥದ್ದನ್ನು ಸೊಟ್ಟಗಿದೆ ಎಂದು ಗುಜರಿಗೆ ಹಾಕಿದವರಿದ್ದಾರೆ!

ಇಷ್ಟನ್ನೂ ಬರೆದಿಟ್ಟು, ಎಲ್ಲ ಕಡೆಯಿಂದ ಫೋಟೊ ತೆಗೆದ ಮೇಲೆ ಸ್ಪಾನರ್ ಹಿಡಿಯಿರಿ.

ಗಾಡಿಯನ್ನು ನಡುವೆ ಬಿಚ್ಚುವುದಾದರೆ ಮುಂದಿನ ಆಕ್ಸಲ್ಲಿನ ಮೇಲೆ ಗಮನವಿರಲಿ. ಅದು ಒಂದೇ ಪಿನ್ನಿನ ಮೇಲೆ ತೂಗುತ್ತದೆ. ಗೇರ್‌ಬಾಕ್ಸ್ ಬಿಟ್ಟುಕೊಂಡ ಕ್ಷಣ ಎಂಜಿನ್ ಪಕ್ಕಕ್ಕೆ ಮಗುಚಬಹುದು. ಬೋಲ್ಟ್ ಸಡಿಲಿಸುವ ಮೊದಲೇ ಆಕ್ಸಲ್ಲಿಗೂ ಮೇಲಿನ ಎರಕಕ್ಕೂ ನಡುವೆ ಎರಡೂ ಬದಿಗೆ ಗಟ್ಟಿ ಮರದ ಬೆಣೆ ಹೊಡೆಯಿರಿ. ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು ಸ್ಟ್ಯಾಂಡ್ ಕೊಟ್ಟು ಹಿಂದಿನ ಚಕ್ರಕ್ಕೆ ಅಡ್ಡ ಇಡಿ. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ.

ಎಂಜಿನ್ ತಿರುಗದಂತೆ ಹಿಡಿದುಕೊಂಡಿದ್ದರೆ ಸ್ಪಾರ್ಕ್ ಪ್ಲಗ್ ತೆಗೆದು ತುಕ್ಕು ಬಿಡಿಸುವ ಎಣ್ಣೆ ಸುರಿದು ಕೆಲವು ದಿನ ಬಿಡಿ. ಎಳೆದು ಸ್ಟಾರ್ಟ್ ಮಾಡುವ ಆಸೆಗೆ ಬಿದ್ದರೆ ರಿಂಗ್, ಪಿಸ್ಟನ್ ಹೋಗುತ್ತವೆ. ಹೆಡ್ ತೆಗೆದಾಗ ಸ್ಲೀವಿನ (ಪಿಸ್ಟನ್ ಓಡಾಡುವ ಕೊಳವೆಯ) ಮೇಲಂಚನ್ನು ಹತ್ತಿರದಿಂದ ನೋಡಿ. ಒಂದು ಮಿಲಿಮೀಟರಿನಷ್ಟು ತೆಳ್ಳಗಿದ್ದರೆ 0.040 ಇಂಚಿನ ಉಕ್ಕಿನ ಸ್ಲೀವ್. ಎರಡು ಮಿಲಿಮೀಟರ್ ದಾಟಿದರೆ 0.090 ಇಂಚಿನ ಬೀಡುಕಬ್ಬಿಣದ್ದು. ಬ್ಲಾಕಿನ ಬೋರ್ ಬೇರೆ ಬೇರೆ, ಅದಲು ಬದಲಾದರೆ ಕೂರುವುದೇ ಇಲ್ಲ. ಇದನ್ನು ಅಳೆಯದೆ ಕಿಟ್ ತರಿಸಬೇಡಿ. ಮರಳಿ ಕಟ್ಟುವಾಗ ಹೆಡ್ಡನ್ನು ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ, 65–70 ಅಡಿ-ಪೌಂಡಿಗೆ ಬಿಗಿಯಿರಿ.

ಕಲಬೆರಕೆಯ ತಾಪತ್ರಯ ಹೆಚ್ಚು ಕಾಡುವುದು ಇಗ್ನಿಷನ್ನಿನಲ್ಲಿ. 8ಎನ್ 263844ನೇ ನಂಬರಿನಿಂದ, ಅಂದರೆ 1950ರಲ್ಲಿ, ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕಿಡಿ ಹಂಚುವ ಭಾಗ) ಎಂಜಿನ್ನಿನ ಮುಂಭಾಗದಿಂದ ಪಕ್ಕಕ್ಕೆ ಬಂತು. ಮುಂದೆ ಇದ್ದರೆ ಪಾಯಿಂಟ್ ಗ್ಯಾಪ್ (ಅದರೊಳಗಿನ ಸಂಪರ್ಕ ಬಿಂದುಗಳ ನಡುವಿನ ಸಂದು) 0.015 ಇಂಚು, ಪಕ್ಕದಲ್ಲಿದ್ದರೆ 0.025. ಒಂದರ ಅಳತೆ ಇನ್ನೊಂದಕ್ಕೆ ಇಟ್ಟರೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಕಿಡಿ ಪಡೆಯುವ ಸರದಿ, ಮಾತ್ರ ಎಲ್ಲಕ್ಕೂ 1-2-4-3, ರೇಡಿಯೇಟರ್ ಪಕ್ಕದ ಸಿಲಿಂಡರೇ ಒಂದನೆಯದು. ಮುಂದಿನ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪಾಯಿಂಟ್ ಹೊಂದಿಸುವುದೇ ಸುಲಭ. ಎಂಜಿನ್ನಿಗೆ ಸಿಕ್ಕಿಕೊಳ್ಳುವ ಅದರ ನಾಲಿಗೆ ನಡುಮಧ್ಯದಲ್ಲಿಲ್ಲ, ಸ್ವಲ್ಪ ಓರೆಗಿದೆ. ಕೂರುವುದು ಒಂದೇ ರೀತಿ. ಕೈಯಲ್ಲಿ ಒತ್ತಿದಾಗ ಪೂರ್ತಿ ಕೂರದಿದ್ದರೆ ಅರ್ಧ ಸುತ್ತು ತಿರುಗಿಸಿ ನೋಡಿ. ಬೋಲ್ಟ್ ಬಿಗಿದು ಎಳೆದು ಕೂರಿಸಲು ಹೋದರೆ ಕಿವಿ ಮುರಿಯುತ್ತದೆ.

ಮೂಲ ವೈರಿಂಗ್ 6 ವೋಲ್ಟ್, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪಾಸಿಟಿವ್ ತುದಿ ಗಾಡಿಯ ಮೈಗೆ). ಎಷ್ಟೋ ಗಾಡಿಗಳನ್ನು 12 ವೋಲ್ಟಿಗೆ, ನೆಗೆಟಿವ್ ಅರ್ಥಿಗೆ ಬದಲಿಸಿರುತ್ತಾರೆ. ಬ್ಯಾಟರಿ ಕೂಡಿಸುವ ಮುಂಚೆ ಯಾವುದೆಂದು ಪತ್ತೆ ಮಾಡಿ, ಆಲ್ಟರ್ನೇಟರ್ ಇರುವ ಗಾಡಿಗೆ ಉಲ್ಟಾ ಕೊಟ್ಟರೆ ಡಯೋಡ್ ಸುಟ್ಟುಹೋಗುತ್ತದೆ. ಮುಂದಿನ ಡಿಸ್ಟ್ರಿಬ್ಯೂಟರಿನ 6 ವೋಲ್ಟ್ ಕಾಯಿಲನ್ನು 12 ವೋಲ್ಟಿನಲ್ಲಿ ಓಡಿಸುವುದಾದರೆ ಮೂಲ ರೆಸಿಸ್ಟರ್ ಹಾಗೇ ಇರಲಿ, ಜೊತೆಗೆ ಇನ್ನೊಂದು ಬೇಕು.

ಗೇರ್‌ಬಾಕ್ಸ್, ಹೈಡ್ರಾಲಿಕ್, ಡಿಫರೆನ್ಶಿಯಲ್ ಮೂರಕ್ಕೂ ಒಂದೇ ಎಣ್ಣೆ, ಸುಮಾರು 19 ಲೀಟರ್. ಖಾಲಿ ಮಾಡಲು ಕೆಳಗೆ ಮೂರು ಪ್ಲಗ್ ಇವೆ. ಒಂದನ್ನೇ ಬಿಚ್ಚಿದರೆ ಹಳೇ ಕೊಳೆ ಒಳಗೇ ಉಳಿಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಮೊದಲು ಗೇರ್ ಲಿವರಿನ ರಬ್ಬರ್ ಬೂಟ್ ಹರಿದಿದೆಯೇ ನೋಡಿ.

ಕಲಬೆರಕೆಯನ್ನೆಲ್ಲ ತೆಗೆದು ಅಚ್ಚು ಮೂಲ ರೂಪಕ್ಕೆ ತರಬೇಕೇ? ಪ್ರದರ್ಶನಕ್ಕಾದರೆ ಸರಿ. ಕೆಲಸದ ಗಾಡಿಯಾದರೆ 2ಎನ್‌ಗೆ ಕೂರಿಸಿದ ನಾಲ್ಕು ಗೇರಿನ ಬಾಕ್ಸ್ ಒಳ್ಳೆಯದೇ, ಬಿಡಿ. ಆದರೆ ಎಂಜಿನ್ ನಂಬರನ್ನು ಅಳಿಸಿ ಹೊಸದಾಗಿ ಒತ್ತುವ ಕೆಲಸ ಬೇಡವೇ ಬೇಡ.

ಎಲ್ಲ ಮುಗಿಸಿ ಸ್ಟಾರ್ಟ್ ಮಾಡಿದಾಗ ಲಿಫ್ಟ್ ಏಳದಿದ್ದರೆ ಪಂಪ್ ಬಿಚ್ಚಲು ಹೋಗಬೇಡಿ. ಈ ಗಾಡಿಗಳಲ್ಲಿ ಹೈಡ್ರಾಲಿಕ್ ಪಂಪ್ ತಿರುಗುವುದು ಪಿಟಿಒ ಶಾಫ್ಟಿನಿಂದ, ಅಂದರೆ ಹಿಂದೆ ಜೋಡಿಸಿದ ಉಪಕರಣ ತಿರುಗಿಸುವ ದಂಡದಿಂದ. ಪಿಟಿಒ ಲಿವರ್ ಹಾಕಿ, ಕ್ಲಚ್ ಬಿಟ್ಟು ಇನ್ನೊಮ್ಮೆ ಎತ್ತಿ ನೋಡಿ.